ಜನ್ಮದಿನಾಂಕ ತಪ್ಪಿರುವುದು ಆಧಾರ್‌ನಲ್ಲೋ, ಹಾಳೆಯಲ್ಲೋ?

"ನಿಮ್ಮ ಮಗುವಿನ ಜನ್ಮದಿನಾಂಕ ಆಧಾರ್‌ನೊಂದಿಗೆ ಹೊಂದುತ್ತಿಲ್ಲ, ತಿದ್ದಿಸಿಕೊಂಡು ಬನ್ನಿ" ಎಂಬ ಮಾತು ಗಡಿ ಮಂಡಲಗಳ ಪೋಷಕರಿಗೆ ಹೊಸದಲ್ಲ. ಮಾತು ಕಿವಿಗೆ ಬಿದ್ದ ಮರುದಿನವೇ ಕೂಲಿ ಬಿಟ್ಟು, ಹೊಳಗುಂದದಿಂದಲೋ ಕೌತಾಳದಿಂದಲೋ ಹಾಲಹರ್ವಿಯಿಂದಲೋ ಬಸ್ಸು ಹತ್ತಿ, ಆಧಾರ್ ಕೇಂದ್ರದ ಸಾಲಿನಲ್ಲಿ ನಿಲ್ಲುವುದು ನಮ್ಮವರ ವಾಡಿಕೆ. ಶಾಲೆ ಹೇಳಿದೆ ಎಂದ ಮೇಲೆ ಅದು ಸರಿಯೇ ಇರಬೇಕೆಂಬ ಗೌರವ ಒಂದು ಕಾರಣ. ತಡಮಾಡಿದರೆ ಮಗುವಿಗೆ ಬರಬೇಕಾದುದು ತಪ್ಪೀತೆಂಬ ಭಯ ಇನ್ನೊಂದು. ಆದರೆ ಈ ಶೈಕ್ಷಣಿಕ ವರ್ಷದಲ್ಲಿ, ಬಸ್ಸು ಹತ್ತುವ ಮುನ್ನ ಕೇಳಿಕೊಳ್ಳಲೇಬೇಕಾದ ಪ್ರಶ್ನೆಯೊಂದಿದೆ ಎಂದು ನಾವು ಭಾವಿಸುತ್ತೇವೆ. ತಪ್ಪಿರುವುದು ಆಧಾರ್‌ನಲ್ಲೋ, ಅಥವಾ ಪಟ್ಟಿ ಸಿದ್ಧವಾದ ಗಣಕಯಂತ್ರದ ಹಾಳೆಯಲ್ಲೋ?

ಈ ಪ್ರಶ್ನೆಗೆ ಈಗ ಇಷ್ಟು ಮಹತ್ವ ಬಂದಿರುವುದಕ್ಕೆ ಕಾರಣವುಂಟು. 2015ರ ಜುಲೈನಲ್ಲಿ ಬಿಡುಗಡೆಯಾಗಿ ಹತ್ತು ವರ್ಷ ಕಚೇರಿ, ಶಾಲೆ, ಅಂಗಡಿಗಳ ಗಣಕಗಳಲ್ಲೆಲ್ಲ ನೆಲೆಸಿದ್ದ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅದೇ ದಿನ ಎಕ್ಸೆಲ್ ಒಳಗೊಂಡ ಆಫೀಸ್ 2016 ಮತ್ತು 2019 ಆವೃತ್ತಿಗಳ ಬೆಂಬಲವೂ ನಿಂತಿತು. ಹೊಸ ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳಲ್ಲಿ ಇಳಿಯುವುದಿಲ್ಲ. ಅದು ಇಂಟೆಲ್ ಸಂಸ್ಕಾರಕವಾದರೆ ಎಂಟನೆಯ ತಲೆಮಾರಿನದನ್ನೋ ಅದಕ್ಕಿಂತ ಈಚಿನದನ್ನೋ ಕೇಳುತ್ತದೆ, ಟಿಪಿಎಂ 2.0 ಎಂಬ ಭದ್ರತಾ ಬಿಲ್ಲೆಯನ್ನೂ ಕೇಳುತ್ತದೆ. ಹೀಗಾಗಿ ಕೆಲವೆಡೆ ಹೊಸ ಯಂತ್ರಗಳು ಬರುತ್ತವೆ, ಕೆಲವೆಡೆ ಇದ್ದ ಯಂತ್ರವನ್ನೇ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಲಾಗುತ್ತದೆ. ಹಳೆಯದರ ಮೇಲೆಯೇ ಹೊಸದನ್ನು ಏರಿಸಿದರೆ ಹಿಂದಿನ ಹೊಂದಿಕೆಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಅಳಿಸಿ ಹಾಕಿದಾಗ, ಅಥವಾ ಹೊಸ ಯಂತ್ರ ತಂದಾಗ, ಉಳಿಯುವುದಿಲ್ಲ. ನಮ್ಮ ಮಕ್ಕಳ ಅಂಕಿಗಳಿಗೆ ತೊಂದರೆ ಒದಗುವುದು ಈ ಎರಡನೆಯ ದಾರಿಯಲ್ಲಿ.

ವಿಂಡೋಸ್ ಅಳವಡಿಸುವಾಗ ಆರಂಭದಲ್ಲೇ ಒಂದು ಪರದೆ ಕಾಣಿಸಿಕೊಂಡು, ಕಾಲ ಮತ್ತು ಹಣದ ಬರವಣಿಗೆ ಯಾವ ದೇಶದ ರೀತಿಯಲ್ಲಿರಬೇಕೆಂದು ಕೇಳುತ್ತದೆ. ಅಲ್ಲಿ ಮೊದಲೇ ತುಂಬಿಕೊಂಡಿರುವುದು ಬಹುಪಾಲು 'ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)'. ಅವಸರದಲ್ಲಿರುವ ಕೈ 'ಮುಂದೆ' ಎಂದು ಒತ್ತಿಬಿಡುತ್ತದೆ. ಅಂದಿನಿಂದ ಆ ಯಂತ್ರದ ಪಾಲಿಗೆ ತಾರೀಖೆಂದರೆ ಮೊದಲು ತಿಂಗಳು, ಆಮೇಲೆ ದಿನ. ಲಕ್ಷದ ಲೆಕ್ಕದಲ್ಲಿ 2,45,600 ಎಂದು ತೋರಬೇಕಾದ ಮೊತ್ತ 245,600 ಎಂದು ತೋರುತ್ತದೆ. ಅಲ್ಪವಿರಾಮದ ಈ ಸ್ಥಾನಪಲ್ಲಟದಿಂದ ಹಣದ ಬೆಲೆಯೇನೂ ಬದಲಾಗದು, ಓದುವ ಕಣ್ಣಿಗೆ ಅಷ್ಟು ಕಿರಿಕಿರಿ, ಅಷ್ಟೇ. ತಾರೀಖಿನ ವಿಷಯ ಹಾಗಲ್ಲ.

ಇಲ್ಲಿ ಎಕ್ಸೆಲ್ ಹಾಳೆಯ ಒಳಗುಟ್ಟೊಂದನ್ನು ತಿಳಿದುಕೊಳ್ಳಬೇಕು. ನಾವು 12-06-2015 ಎಂದು ಬರೆದರೆ ಹಾಳೆ ಆ ಅಕ್ಷರಗಳನ್ನು ಇಟ್ಟುಕೊಳ್ಳುವುದಿಲ್ಲ. 1900ರ ಜನವರಿ 1ನ್ನು ಒಂದೆಂದು ಹಿಡಿದು ಅಲ್ಲಿಂದ ಎಷ್ಟನೆಯ ದಿನವೆಂದು ಎಣಿಸಿ ಆ ಎಣಿಕೆಯನ್ನು ಇಟ್ಟುಕೊಳ್ಳುತ್ತದೆ. ಭಾರತದ ರೀತಿಗೆ ಹೊಂದಿಸಿದ ಯಂತ್ರಕ್ಕೆ ಅದು ಜೂನ್ 12. ಆದ್ದರಿಂದ ಒಳಗೆ ಕೂರುವ ಸಂಖ್ಯೆ 42167. ಅಮೆರಿಕದ ರೀತಿಗೆ ಹೊಂದಿಸಿದ ಯಂತ್ರಕ್ಕೆ ಅದೇ ಅಕ್ಷರಗಳು ಡಿಸೆಂಬರ್ 6. ಒಳಗೆ ಕೂರುವ ಸಂಖ್ಯೆ 42344. ಪರದೆಯ ಮೇಲೆ ಅದು 12/6/2015 ಎಂದೇ ತೋರುವುದರಿಂದ ಬರೆದವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಆ ಹಾಳೆ ವಾಟ್ಸಾಪ್‌ನಲ್ಲಿ ಇನ್ನೊಂದು ಮೇಜಿಗೆ ಹೋಗಿ, ಭಾರತದ ರೀತಿಗೆ ಹೊಂದಿಸಿದ ಯಂತ್ರದಲ್ಲಿ ತೆರೆದಾಗ 06-12-2015 ಎಂದು ಮುಖ ತೋರಿಸುತ್ತದೆ. ಜೂನ್‌ನಲ್ಲಿ ಹುಟ್ಟಿದ ಮಗು ಡಿಸೆಂಬರಿನ ಮಗುವಾಗಿರುತ್ತದೆ. ಮೊದಲನೆಯ ಮೇಜಿನವರು ಸುಳ್ಳು ಬರೆದಿಲ್ಲ, ಎರಡನೆಯ ಮೇಜಿನವರು ತಪ್ಪು ಓದಿಲ್ಲ.

ಇದರ ತಿರುಗುಮುರುಗೂ ಉಂಟು. ಹಿಂದಿನ ವರ್ಷ ಸರಿಯಾಗಿಯೇ ತುಂಬಿದ್ದ ಹಾಳೆಯನ್ನು ಹೊಸ ಯಂತ್ರದಲ್ಲಿ ತೆರೆದರೆ ಅದರೊಳಗಿನ ಎಣಿಕೆ ಕೆಡುವುದಿಲ್ಲ. ಆದರೆ ತೋರಿಕೆ 6/12/2015 ಎಂದಾಗುತ್ತದೆ. ಅದನ್ನು ನೋಡಿಕೊಂಡು ಪೋರ್ಟಲ್‌ನಲ್ಲಿ ಕೈಯಿಂದ ತುಂಬುವವರು, ಮೊದಲು ದಿನ ಎಂಬ ನಮ್ಮ ಊರ ರೂಢಿಯಂತೆ, ಡಿಸೆಂಬರ್ 6 ಎಂದು ತುಂಬುತ್ತಾರೆ.

ಇನ್ನು ದಿನದ ಸಂಖ್ಯೆ 12ಕ್ಕಿಂತ ಹೆಚ್ಚಾಗಿದ್ದರೆ? 25-06-2015 ಎಂಬುದನ್ನು ಅಮೆರಿಕದ ರೀತಿಯ ಯಂತ್ರ ತಾರೀಖೆಂದು ಒಪ್ಪುವುದೇ ಇಲ್ಲ, ಏಕೆಂದರೆ 25ನೆಯ ತಿಂಗಳಿಲ್ಲ. ಅದನ್ನು ಬರಿಯ ಅಕ್ಷರವೆಂದು ಭಾವಿಸಿ ಹಾಗೆಯೇ ಬಿಟ್ಟುಬಿಡುತ್ತದೆ. ಇದರಿಂದ ಒಂದು ವಿಚಿತ್ರ ಫಲ ದೊರೆಯುತ್ತದೆ: ಒಂದೇ ಪಟ್ಟಿಯಲ್ಲಿ ಕೆಲವು ಮಕ್ಕಳ ತಾರೀಖು ಸರಿ, ಕೆಲವರದು ಅದಲುಬದಲು. ಇಡೀ ಪಟ್ಟಿ ಕೆಟ್ಟಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಅರೆಬರೆ ಕೆಟ್ಟದ್ದು ಗಮನಕ್ಕೆ ಬರುವುದಿಲ್ಲ. ಆದರೆ ಕುರುಹೊಂದಿದೆ. ಯಾರೂ ಜೋಡಣೆ ಬದಲಿಸಿರದ ಹಾಳೆಯಲ್ಲಿ ತಾರೀಖೆಂದು ಒಪ್ಪಿಕೊಂಡದ್ದು ಚೌಕದ ಬಲಬದಿಗೆ ಒತ್ತಿಕೊಂಡಿರುತ್ತದೆ, ಅಕ್ಷರವೆಂದು ಬಿಟ್ಟದ್ದು ಎಡಬದಿಗೆ. ಜನ್ಮದಿನಾಂಕದ ಅಂಕಣದಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ವಾಲಿದ್ದರೆ, ಬಲಕ್ಕೆ ವಾಲಿದ ಮಕ್ಕಳ ತಾರೀಖನ್ನು ಮತ್ತೊಮ್ಮೆ ನೋಡಲೇಬೇಕು.

ಎಷ್ಟು ಮಕ್ಕಳಿಗೆ ಇದು ತಗಲಬಹುದು? ಲೆಕ್ಕ ಕಠಿಣವಲ್ಲ. ವರ್ಷದಲ್ಲಿ 12ನೆಯ ತಾರೀಖಿನವರೆಗಿನ ದಿನಗಳು 12 ತಿಂಗಳಿಗೆ 144. ಅವುಗಳಲ್ಲಿ ಜನವರಿ 1, ಫೆಬ್ರುವರಿ 2 ಮೊದಲಾದ 12 ದಿನಗಳು ತಿರುಗಿಸಿದರೂ ಅವೇ. ಉಳಿದ 132 ದಿನಗಳಲ್ಲಿ ಹುಟ್ಟಿದವರು ಸದ್ದಿಲ್ಲದೆ ಬೇರೆ ತಿಂಗಳಿಗೆ ಹೋಗುತ್ತಾರೆ. 365ರಲ್ಲಿ 132 ಎಂದರೆ ನೂರಕ್ಕೆ 36. ನಮ್ಮ ಹಳ್ಳಿಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿರಲು ಸಾಧ್ಯ. ಹೆರಿಗೆ ಮನೆಯಲ್ಲೇ ಆಗಿ ಜನನಪತ್ರ ಇಲ್ಲದಿದ್ದ ಮಕ್ಕಳಿಗೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದುದನ್ನು ಯಾರು ಅರಿಯರು? 01-06 ತಿರುಗಿದರೆ ಜನವರಿ 6. ವಯಸ್ಸನ್ನು ಮಾತ್ರ ಹೇಳಿದ್ದವರಿಗೆ ಆಧಾರ್ ನೋಂದಣಿಯಲ್ಲಿ ಬಿದ್ದ ಜನವರಿ 1 ಎಂಬ ಕಾಲ್ಪನಿಕ ಹುಟ್ಟುದಿನ ಮಾತ್ರ ಎಷ್ಟು ತಿರುಗಿಸಿದರೂ ಅಲುಗದು. ನಿಜವಾದ ತಾರೀಖು ಉಳ್ಳವರೇ ಇಲ್ಲಿ ಹೆಚ್ಚು ಅಪಾಯದಲ್ಲಿರುವುದು ವಿಪರ್ಯಾಸ.

ಒಂದು ತಾರೀಖು ಹೆಚ್ಚುಕಡಿಮೆಯಾದರೆ ಆಗುವ ನಷ್ಟವೇನೆಂದು ಕೇಳಬಹುದು. ಯುಡೈಸ್ ಪ್ಲಸ್ ವ್ಯವಸ್ಥೆ 2022-23ರಿಂದ ಶಾಲೆಗೊಂದು ಒಟ್ಟು ಲೆಕ್ಕವನ್ನು ಬಿಟ್ಟು, ಮಗುವಿಗೊಂದು ದಾಖಲೆಯಂತೆ ವಿವರ ಸಂಗ್ರಹಿಸುತ್ತಿದೆ. ಅದರ ಮೇಲೆ ನಿಂತಿರುವ 12 ಅಂಕಿಗಳ ಅಪಾರ್ ಗುರುತುಸಂಖ್ಯೆ ಹುಟ್ಟಬೇಕಾದರೆ ಶಾಲೆಯ ದಾಖಲೆಯಲ್ಲಿರುವ ಹೆಸರು, ಲಿಂಗ, ಜನ್ಮದಿನಾಂಕ ಆಧಾರ್‌ನಲ್ಲಿರುವಂತೆಯೇ ಇರಬೇಕು. ದಿನ ತಿಂಗಳುಗಳು ಅದಲುಬದಲಾದ ಮಗು ಅಲ್ಲೇ ಎಡವುತ್ತದೆ. ಹತ್ತನೆಯ ತರಗತಿಗೆ ಬಂದಾಗ ಎಡವು ಇನ್ನೂ ಗಟ್ಟಿಯಾಗಿ ತಗಲುತ್ತದೆ. ಆಂಧ್ರಪ್ರದೇಶದಲ್ಲಿ ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಗೆ ಕೂರುವ ಮಗುವಿಗೆ ಹಿಂದಿನ ಆಗಸ್ಟ್ 31ಕ್ಕೆ 14 ವರ್ಷ ತುಂಬಿರಬೇಕು. 2011ರ ಜುಲೈ 9ರಂದು ಹುಟ್ಟಿದ ಹುಡುಗಿ 2026ರ ಮಾರ್ಚ್ ಪರೀಕ್ಷೆಗೆ ನಿಸ್ಸಂಶಯವಾಗಿ ಅರ್ಹಳು. ಆಕೆಯ 09-07-2011 ತಿರುಗಿ ಸೆಪ್ಟೆಂಬರ್ 7 ಎಂದಾದರೆ ಏಳು ದಿನ ಕಡಿಮೆಬೀಳುತ್ತದೆ. ವಯೋಮಿತಿ ಸಡಿಲಿಕೆಗೆ ಬೇರೆ ಅರ್ಜಿ, ಬೇರೆ ಶುಲ್ಕ. ಅದಕ್ಕಿಂತ ಕೆಟ್ಟದ್ದೆಂದರೆ, ಯಾರೂ ಗಮನಿಸದೆ ಅದೇ ತಾರೀಖು ಅಂಕಪಟ್ಟಿಯ ಮೇಲೆ ಅಚ್ಚಾಗುವುದು. ಹತ್ತನೆಯ ತರಗತಿಯ ಪ್ರಮಾಣಪತ್ರದ ಜನ್ಮದಿನಾಂಕವೇ ಮುಂದಿನ ಎಲ್ಲ ಕಾಗದಗಳ ತಾಯಿಬೇರು.

ಗಡಿನಾಡಿನ ಮಕ್ಕಳಿಗೆ ಇದರಲ್ಲಿ ಇನ್ನೊಂದು ತೊಡಕು ಕೂಡಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದ ಕಥೆ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆ ಇತಿಹಾಸದ ಒಂದು ಋಣಶೇಷವಾಗಿ, ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂಬ ಅರ್ಹತಾ ವರ್ಗದೊಳಗೆ ಹಳೆಯ ಆದೋನಿ ಮತ್ತು ಆಲೂರು ತಾಲೂಕುಗಳ ಹೆಸರು ಇಂದಿಗೂ ಉಂಟು. ಆ ಬಾಗಿಲಿನಿಂದ ಒಳಹೋಗುವ ಮಗು ಆಂಧ್ರದ ಶಾಲೆಯ ಕಾಗದಗಳನ್ನು ಕರ್ನಾಟಕದ ಅಧಿಕಾರಿಗಳ ಮುಂದೆ ಇಡಬೇಕಾಗುತ್ತದೆ. ಒಂದು ರಾಜ್ಯದೊಳಗಿನ ಗೊಂದಲವನ್ನು ಪರಿಚಯದ ಗುಮಾಸ್ತರು ಬಿಡಿಸಿಯಾರು. ಎರಡು ರಾಜ್ಯಗಳ ನಡುವೆ ಆಧಾರ್‌ನದು ಒಂದು, ಅಂಕಪಟ್ಟಿಯದು ಒಂದು ಎಂಬ ಎರಡು ತಾರೀಖು ಹಿಡಿದು ನಿಂತವರಿಗೆ ಹೇಳುವವರಿಲ್ಲ, ಕೇಳುವವರಿಲ್ಲ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಬದಲಿಸಲು ಸಾಮಾನ್ಯ ನಿಯಮದಂತೆ ದೊರೆಯುವುದು ಒಂದೇ ಒಂದು ಅವಕಾಶ. ಹೆಸರಿಗೆ ಎರಡು ಸಲ, ಜನ್ಮದಿನಾಂಕಕ್ಕೆ ಒಂದೇ ಸಲ. ಹಾಳೆಯಲ್ಲಿ ತಿರುಗಿಬಿದ್ದ ತಾರೀಖನ್ನೇ ಸತ್ಯವೆಂದು ನಂಬಿ, ಸರಿಯಾಗಿದ್ದ ಆಧಾರ್ ಅನ್ನು ಅದಕ್ಕೆ ಹೊಂದುವಂತೆ ತಿದ್ದಿಸಿದರೆ ಆ ಒಂದು ಅವಕಾಶವೂ ಮುಗಿಯಿತು. ಮುಂದೆ ನಿಜ ಗೊತ್ತಾದಾಗ ಮರಳಿ ಬದಲಿಸಲು ಹೈದರಾಬಾದಿನ ಪ್ರಾದೇಶಿಕ ಕಚೇರಿಯ ವಿಶೇಷ ಅನುಮತಿಯ ದಾರಿ ಹಿಡಿಯಬೇಕು. ಹತ್ತಿ ಬಿಡಿಸುವ ಕೆಲಸ ಮುಗಿದೊಡನೆ ಊರಿಗೆ ಬೀಗ ಹಾಕಿ ದೂರದ ಜಿಲ್ಲೆಗಳಿಗೆ, ಬೆಂಗಳೂರಿಗೆ ದುಡಿಯಲು ಹೋಗುವ ಪಶ್ಚಿಮ ಮಂಡಲಗಳ ಕುಟುಂಬಗಳಿಗೆ ಆ ದಾರಿ ಎಷ್ಟು ದೀರ್ಘವೆಂಬುದನ್ನು ಬಣ್ಣಿಸಬೇಕಾಗಿಲ್ಲ. ಆದ್ದರಿಂದ ಶಾಲೆಯಿಂದ ಹೊಂದಾಣಿಕೆಯ ದೋಷದ ಮಾತು ಬಂದಾಗ, ಆ ಪಟ್ಟಿಯಲ್ಲಿರುವ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಳ್ಳಿರಿ. ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿದರೆ ಅದು ಆಧಾರ್‌ನ ತಾರೀಖೇ ಆಗುವುದೋ ನೋಡಿರಿ. ಆಗುವುದಾದರೆ ತಪ್ಪು ಹಾಳೆಯದು. ತಿದ್ದುಪಡಿ ಆಗಬೇಕಾದದ್ದು ಶಾಲೆಯ ದಾಖಲೆಯಲ್ಲಿ, ಮಗುವಿನ ಆಧಾರ್‌ನಲ್ಲಿ ಅಲ್ಲ.

ತಾರೀಖಿನಷ್ಟು ಮೌನವಾಗಿ ಅಲ್ಲದಿದ್ದರೂ, ಉದ್ದದ ಸಂಖ್ಯೆಗಳೂ ಹಾಳೆಯಲ್ಲಿ ಕೆಡುತ್ತವೆ. ಎಕ್ಸೆಲ್ ತನ್ನ ಸಾಮಾನ್ಯ ಸ್ಥಿತಿಯಲ್ಲಿ 11 ಅಂಕಿಗಳವರೆಗಿನ ಸಂಖ್ಯೆಯನ್ನು, ಅಂಕಣ ಅಗಲವಾಗಿದ್ದರೆ, ಪೂರ್ಣವಾಗಿ ತೋರುತ್ತದೆ. ಹನ್ನೆರಡನೆಯ ಅಂಕಿ ಬಂದೊಡನೆ ಅದನ್ನು ವಿಜ್ಞಾನಿಗಳ ಸಂಕ್ಷೇಪಕ್ಕೆ ತಿರುಗಿಸುತ್ತದೆ. 11 ಅಂಕಿಗಳ ಶಾಶ್ವತ ಶಿಕ್ಷಣ ಸಂಖ್ಯೆ, ಅಂದರೆ ಪೆನ್, ಕೂದಲೆಳೆಯಲ್ಲಿ ಪಾರಾಗುತ್ತದೆ. 12 ಅಂಕಿಗಳ ಆಧಾರ್ ಮತ್ತು ಅಪಾರ್ ಪಾರಾಗುವುದಿಲ್ಲ. 234567890123 ಎಂಬ ಸಂಖ್ಯೆ 2.34568ಇ+11 ಎಂದು ಕಾಣುತ್ತದೆ. ಇಷ್ಟರಲ್ಲಿ ಹಾನಿಯಾಗಿಲ್ಲ, ಒಳಗೆ ಸಂಖ್ಯೆ ಸುರಕ್ಷಿತವಾಗಿದೆ. ಅಂಕಣದ ಬಗೆಯನ್ನು ಬದಲಿಸಿದರೆ ಮತ್ತೆ ಪೂರ್ತಿ ಕಾಣುತ್ತದೆ. ಆದರೆ ಅದೇ ಹಾಳೆಯನ್ನು ಸಿಎಸ್‌ವಿ ಎಂಬ ಸರಳ ಕಡತವಾಗಿ ಉಳಿಸಿದರೆ ಉಳಿಯುವುದು ತೋರಿಕೆ ಮಾತ್ರ. ಮರಳಿ ತೆರೆದಾಗ 234568000000 ಎಂದು ದೊರೆಯುತ್ತದೆ. ಕೊನೆಯ ಆರು ಅಂಕಿಗಳು ಹೋದವು. ಹೋದ ಅಂಕಿಗಳು ಅಂಕಣದ ಬಗೆ ಬದಲಿಸಿದ ಮಾತ್ರಕ್ಕೆ ಮರಳುವುದಿಲ್ಲ.

ಆಧಾರ್‌ಗೆ ಇಲ್ಲೊಂದು ರಕ್ಷಣೆಯಿದೆ. ಅದರ ಕೊನೆಯ ಅಂಕಿ ಮೊದಲ ಹನ್ನೊಂದರಿಂದ ಲೆಕ್ಕಹಾಕಿ ಪಡೆದ ಪರೀಕ್ಷಾ ಅಂಕಿಯಾದ್ದರಿಂದ, ಕೆಟ್ಟ ಸಂಖ್ಯೆಯನ್ನು ಪೋರ್ಟಲ್ ಬಹುಮಟ್ಟಿಗೆ ತಿರಸ್ಕರಿಸುತ್ತದೆ. 2025ರ ಜೂನ್‌ನಲ್ಲಿ ಆರಂಭವಾದ 'ತಲ್ಲಿಕಿ ವಂದನಂ' ಯೋಜನೆಯ 15,000 ರೂಪಾಯಿಯಲ್ಲಿ ಶಾಲೆಯ ನಿರ್ವಹಣೆಗೆ 2,000 ಕಳೆದು ಉಳಿಯುವ 13,000 ತಾಯಿಯ ಆಧಾರ್‌ಗೆ ಜೋಡಿಸಿದ ಖಾತೆಗೆ ಸೇರುವುದರಿಂದ, ಆಧಾರ್ ಸಂಖ್ಯೆ ಕೆಟ್ಟರೆ ಹಣ ಬೇರೆಯವರಿಗೆ ಹೋಗುವ ಭಯಕ್ಕಿಂತ ತಡೆಯಾಗುವ ಭಯವೇ ದೊಡ್ಡದು. ಬ್ಯಾಂಕಿನ ಖಾತೆಸಂಖ್ಯೆಯನ್ನೇ ಕೇಳುವ ಪಟ್ಟಿಗಳಲ್ಲಿ ಮಾತ್ರ ಇಷ್ಟು ನೆಮ್ಮದಿಯಿಲ್ಲ. ಎಕ್ಸೆಲ್ 15 ಅಂಕಿಗಳಿಗಿಂತ ಹೆಚ್ಚಿನದನ್ನು ನೆನಪಿಡಲಾರದು. 16 ಅಂಕಿಗಳ ಖಾತೆಯಾದರೆ ಹದಿನಾರನೆಯದು ಸೊನ್ನೆಯಾಗಿ ಬಿಡುತ್ತದೆ. ಮುಂದೆ ಸೊನ್ನೆಗಳಿದ್ದರೆ ಅವನ್ನು ಉದುರಿಸಿಬಿಡುತ್ತದೆ. ಇದು ಎಕ್ಸೆಲ್‌ನ ದುರುದ್ದೇಶವಲ್ಲ. ಅದು ಹುಟ್ಟಿದ್ದು ಕೂಡಿ ಕಳೆಯುವುದಕ್ಕೆ. ಖಾತೆಸಂಖ್ಯೆ, ಆಧಾರ್, ಪೆನ್ ಇವು ಅಂಕಿಗಳಲ್ಲಿ ಬರೆದ ಹೆಸರುಗಳೇ ಹೊರತು ಪ್ರಮಾಣಗಳಲ್ಲ. ಯಾರೂ ಎರಡು ಆಧಾರ್‌ಗಳನ್ನು ಕೂಡುವುದಿಲ್ಲ. ಹಾಳೆಗೆ ಆ ಭೇದ ತಿಳಿಯದು, ನಾವೇ ತಿಳಿಸಬೇಕು.

ಮನೆ ಸಂಖ್ಯೆಯ ಗತಿ ಇನ್ನೂ ವಿನೋದವಾದದ್ದು. ಆಂಧ್ರದ ಊರುಗಳಲ್ಲಿ ಮನೆಯ ಬಾಗಿಲಿಗೆ 4-12, 12-3-45 ಎಂಬಂತೆ ಸಂಖ್ಯೆ ಬರೆಯುವುದು ರೂಢಿ. ಹಾಳೆ ಅದನ್ನೂ ತಾರೀಖೆಂದೇ ತಿಳಿಯುತ್ತದೆ. 4-12 ಎಂಬ ಮನೆ ಒಂದು ಯಂತ್ರದಲ್ಲಿ ಡಿಸೆಂಬರ್ 4, ಇನ್ನೊಂದರಲ್ಲಿ ಏಪ್ರಿಲ್ 12. ವಿಳಾಸದ ಅಂಕಣದಲ್ಲಿ ತಿಂಗಳ ಹೆಸರು ಕಂಡರೆ ನಗಬಹುದು. ನಕ್ಕ ಮೇಲೆ ಅದೇ ಪಟ್ಟಿಯ ಜನ್ಮದಿನಾಂಕದ ಅಂಕಣವನ್ನು ನೋಡಬೇಕು, ಏಕೆಂದರೆ ಆ ಹಾಳೆಯನ್ನು ಯಾರೂ ಮೊದಲೇ ಹದಗೊಳಿಸಿಲ್ಲವೆಂಬುದಕ್ಕೆ ಅದು ಸಾಕ್ಷಿ. ಈ ಎಡವಟ್ಟಿನಲ್ಲಿ ನಮ್ಮ ಮಂಡಲಗಳು ಒಂಟಿಯಲ್ಲ. ಮಾನವ ಜೀನುಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿಯು, 'ಮಾರ್ಚ್ 1', 'ಸೆಪ್ಟ್ 1' ಎಂಬಂತೆ ಇದ್ದ ಜೀನುಗಳ ಹೆಸರನ್ನು ಎಕ್ಸೆಲ್ ತಾರೀಖಾಗಿಸುವುದನ್ನು ತಡೆಯಲಾರದೆ, 2020ರಲ್ಲಿ ಜೀನುಗಳ ಹೆಸರನ್ನೇ ಬದಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಬಗೆಯ ಎಕ್ಸೆಲ್ ಕಡತದ ಸಾಲುಗಳ ಮಿತಿಯಿಂದಾಗಿ ಸುಮಾರು 16,000 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋಗಿದ್ದವು. ವಿಜ್ಞಾನಿಗಳೂ ಸರಕಾರಗಳೂ ಮುಗ್ಗರಿಸಿದ ಕಡೆ, ಐದು ತರಗತಿಗಳನ್ನು ಒಬ್ಬರೇ ನೋಡಿಕೊಂಡು ಮಧ್ಯಾಹ್ನದ ಊಟದ ಲೆಕ್ಕವನ್ನೂ ಬರೆಯುವ ಉಪಾಧ್ಯಾಯರು ಮುಗ್ಗರಿಸಿದರೆ ಅವರನ್ನು ಗದರುವುದು ನ್ಯಾಯವಲ್ಲ.

ಕನ್ನಡ ಲಿಪಿಯಲ್ಲಿ ಪಟ್ಟಿ ಇಡುವ ಶಾಲೆಗಳಿಗೆ ಮಾತ್ರ ಸಂಬಂಧಿಸಿದ ಎರಡು ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ, ಯುನಿಕೋಡ್ ಅಲ್ಲದೆ, ಬೆರಳಚ್ಚು ಮಾಡಿದ ಹಾಳೆಗಳು ಹೊಸ ಯಂತ್ರದಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ಅಕ್ಷರಶೈಲಿಯನ್ನು ಹಾಕಿದರೆ ಮರಳುತ್ತದೆ, ಯುನಿಕೋಡ್‌ಗೆ ಪರಿವರ್ತಿಸಿದರೆ ಶಾಶ್ವತವಾಗಿ ಉಳಿಯುತ್ತದೆ. ಎರಡನೆಯದು ಅಂಕಿಗಳ ಮಾತು. ಕನ್ನಡದ ೧೨ ಮತ್ತು ತೆಲುಗಿನ ౧౨ ಕಣ್ಣಿಗೆ ಅಣ್ಣತಮ್ಮಂದಿರಂತೆ ಕಂಡರೂ ಯುನಿಕೋಡ್‌ನಲ್ಲಿ ಅವುಗಳ ಸಂಕೇತಗಳು ಬೇರೆ ಬೇರೆ. ಎರಡು ಭಾಷೆಗಳ ಕೀಲಿಮಣೆ ಇರುವ ಯಂತ್ರದಲ್ಲಿ ಎರಡೂ ಬೆರೆತರೆ ಹುಡುಕುವವರಿಗೆ ತಲೆನೋವು ತಪ್ಪದು. ಕನ್ನಡ ಅಂಕಿಗಳ ಮೇಲಿನ ನಮ್ಮ ಅಭಿಮಾನ ಯಾರಿಗೂ ಕಡಿಮೆಯಿಲ್ಲ. ಆದರೂ ಪೋರ್ಟಲ್‌ಗೆ ಹೋಗುವ ಹಾಳೆಯಲ್ಲಿ 0ಯಿಂದ 9ರ ಅಂಕಿಗಳೇ ಇರಲಿ.

ಇದಕ್ಕೊಂದು ಇನ್ನೂ ಆಳವಾದ ಕಾರಣವಿದೆ. ನಮ್ಮ ಮಕ್ಕಳ ಹೆಸರು ಮೂರು ಲಿಪಿಗಳಲ್ಲಿ ಪಯಣಿಸುತ್ತದೆ. ಕನ್ನಡದ ಈರಣ್ಣ ತೆಲುಗಿನ ದಾಖಲೆಯಲ್ಲಿ ವೀರಣ್ಣನಾಗಬಹುದು, ಇಂಗ್ಲಿಷಿನಲ್ಲಿ ಒಮ್ಮೆ 'ಐ' ಅಕ್ಷರದಿಂದ, ಒಮ್ಮೆ ಎರಡು 'ಇ'ಗಳಿಂದ ಆರಂಭವಾಗಬಹುದು. ಅದನ್ನು ಪರಿಶೀಲಿಸಲು ಕನ್ನಡ ಮಾತ್ರ ಓದಬಲ್ಲ ತಾಯಿಗೆ ಸಾಧ್ಯವಿಲ್ಲ. ಅಂಕಿಗಳನ್ನು ಆಕೆ ಓದಬಲ್ಲಳು. ಬಸ್ಸಿನ ಸಂಖ್ಯೆ, ಮೊಬೈಲ್ ಸಂಖ್ಯೆ, ಪಡಿತರ ಚೀಟಿಯ ಸಂಖ್ಯೆ ಓದುವ ಕಣ್ಣು ಮಗುವಿನ ತಾರೀಖನ್ನೂ ಓದಬಲ್ಲದು. ತೆಲುಗು ಗುಮಾಸ್ತ, ಇಂಗ್ಲಿಷ್ ಪೋರ್ಟಲ್, ಕನ್ನಡ ತಾಯಿ, ಈ ಮೂವರಿಗೂ ಸಮಾನವಾಗಿ ತಿಳಿಯುವುದು ಅಂಕಿಯೊಂದೇ. ಭಾಷಾ ಅಲ್ಪಸಂಖ್ಯಾತರ ಕೈಯಲ್ಲಿ ಉಳಿದಿರುವ ಈ ಒಂದು ಪರಿಶೀಲನೆಯನ್ನು ಯಂತ್ರದ ಹೊಂದಿಕೆಯೊಂದು ಕಸಿದುಕೊಳ್ಳಲು ಬಿಡಲಾಗದು. ಮಕ್ಕಳ ಸಂಖ್ಯೆ ಕಡಿಮೆಯಿರುವ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹೊಂದದೆ ಉಳಿದ ನಾಲ್ಕು ದಾಖಲೆಗಳೆಂದರೆ ನಾಲ್ಕು ಮಕ್ಕಳು. ಉಪಾಧ್ಯಾಯರ ಹುದ್ದೆ ನಿರ್ಧಾರವಾಗುವುದು ತಲೆಯೆಣಿಕೆಯ ಮೇಲೆ.

ಪರಿಹಾರ ದುಬಾರಿಯಲ್ಲ. ಹೊಸ ಯಂತ್ರದಲ್ಲಿ ಯಾವ ಕಡತವನ್ನೂ ತೆರೆಯುವ ಮೊದಲು ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಲ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ ಪ್ರಾದೇಶಿಕ ರೀತಿಯನ್ನು 'ಇಂಗ್ಲಿಷ್ (ಇಂಡಿಯಾ)' ಎಂದು ಆರಿಸಿದರೆ ತಾರೀಖಿನ ತೊಂದರೆ ಬಹುಪಾಲು ಬಗೆಹರಿಯುತ್ತದೆ, ಲಕ್ಷದ ಅಲ್ಪವಿರಾಮವೂ ಮರಳುತ್ತದೆ. ಗೂಗಲ್ ಶೀಟ್ಸ್ ಬಳಸುವವರು ಪ್ರತಿಯೊಂದು ಹಾಳೆಯ ಹೊಂದಿಕೆಯಲ್ಲೂ ದೇಶವನ್ನು ಭಾರತವೆಂದು ನೋಡಿಕೊಳ್ಳಬೇಕು. ಆಧಾರ್, ಅಪಾರ್, ಖಾತೆ, ಮನೆಸಂಖ್ಯೆಗಳ ಅಂಕಣಗಳನ್ನು ಒಂದಂಕಿಯನ್ನೂ ತುಂಬುವ ಮೊದಲೇ 'ಟೆಕ್ಸ್ಟ್' ಎಂದು ಗುರುತಿಸಬೇಕು. ತುಂಬಿದ ಮೇಲೆ ಗುರುತಿಸಿದರೆ ಹೋದದ್ದು ಬರುವುದಿಲ್ಲ. ಸಿಎಸ್‌ವಿ ಕಡತವನ್ನು ನೇರವಾಗಿ ಎರಡು ಬಾರಿ ಒತ್ತಿ ತೆರೆಯದೆ, ಡೇಟಾ ಪಟ್ಟಿಯ ಮೂಲಕ ಆಮದು ಮಾಡಿಕೊಂಡು ಆ ಅಂಕಣಗಳನ್ನು ಅಕ್ಷರವೆಂದು ತಿಳಿಸಬೇಕು. 2023ರಿಂದೀಚೆಗಿನ ಮೈಕ್ರೋಸಾಫ್ಟ್ 365ರ ಎಕ್ಸೆಲ್‌ನಲ್ಲಿ ಸೊನ್ನೆ ಉದುರಿಸುವುದು, ಸಂಕ್ಷೇಪಿಸುವುದು, ತಾರೀಖಾಗಿಸುವುದು ಇವನ್ನೆಲ್ಲ ನಿಲ್ಲಿಸುವ ಆಯ್ಕೆಯೇ ಇದೆ. ಹಳೆಯ ಆವೃತ್ತಿಗಳಲ್ಲಿ ಇಲ್ಲ.

ಆದರೆ ಇವೆಲ್ಲವನ್ನು ಒಬ್ಬೊಬ್ಬ ಮುಖ್ಯೋಪಾಧ್ಯಾಯರೂ ಕಂಡುಕೊಳ್ಳಲೆಂದು ಬಿಡುವುದು ಆಡಳಿತವೆನಿಸದು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳ ಗಣಕಗಳಲ್ಲಿ ಕೇರಳದ 'ಕೈಟ್' ಸಂಸ್ಥೆಯೇ ಸಿದ್ಧಪಡಿಸಿದ ಮುಕ್ತ ತಂತ್ರಾಂಶದ ವ್ಯವಸ್ಥೆ ಇರುತ್ತದೆ; ಮೇಲ್ದರ್ಜೆಗೇರಿಸುವಾಗ ಒಂದೇ ಕಡೆ ಹೊಂದಿಸಿದ್ದು ಎಲ್ಲ ಶಾಲೆಗಳಿಗೂ ತಲುಪುತ್ತದೆ, ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲೂ ಉಂಟು. ನಾವು ಅಷ್ಟನ್ನು ಕೇಳುತ್ತಿಲ್ಲ. ಮಂಡಲ ಸಂಪನ್ಮೂಲ ಕೇಂದ್ರದಿಂದ ಹೊರಡುವ ಪ್ರತಿಯೊಂದು ಖಾಲಿ ನಮೂನೆಯೂ ಅಂಕಣಗಳನ್ನು ಟೆಕ್ಸ್ಟ್ ಎಂದು ಗುರುತಿಸಿಕೊಂಡೇ ಹೊರಡಲಿ. ಜನ್ಮದಿನಾಂಕಕ್ಕೆ ದಿನ, ತಿಂಗಳು, ವರ್ಷವೆಂದು ಮೂರು ಪ್ರತ್ಯೇಕ ಅಂಕಣಗಳಿರಲಿ. ಮೂರಾಗಿ ಒಡೆದದ್ದನ್ನು ಯಾವ ಯಂತ್ರವೂ ತಿರುಗಿಸಲಾರದು. ಪೋರ್ಟಲ್‌ಗೆ ಕಳುಹಿಸುವ ಮುನ್ನ ಮಗುವಿನ ಸಾಲನ್ನು ಮುದ್ರಿಸಿ ಮನೆಗೆ ಕಳುಹಿಸಿ, ತಾಯಿಯ ಸಹಿ ಪಡೆಯಲಿ.

ಮುದ್ರಿತ ಸಾಲು ಮನೆಗೆ ಬಾರದಿದ್ದರೆ ಪೋಷಕರೇ ಶಾಲೆಗೆ ಹೋಗಿ ಕೇಳಬೇಕು. ಕೇಳುವಾಗ ದಾಖಲಾತಿ ವಹಿಯನ್ನೂ ಹೊರತೆಗೆಯಿಸಿರಿ. ಹಿಂದಿನವರು ಆ ವಹಿಯಲ್ಲಿ ಜನ್ಮದಿನಾಂಕವನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆಯಬೇಕೆಂದು ನಿಯಮ ಮಾಡಿದ್ದರು. ವರ್ಗಾವಣೆ ಪತ್ರದಲ್ಲೂ ಹಾಗೆಯೇ. 'ಜೂನ್ ಹನ್ನೆರಡು, ಎರಡು ಸಾವಿರದ ಹದಿನೈದು' ಎಂದು ಮೇಷ್ಟ್ರು ಮಸಿಯಲ್ಲಿ ಬರೆದ ಸಾಲು ಅಲ್ಲಿದ್ದರೆ, ಅದರ ನೆರಳುಪ್ರತಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ. ಯುಡೈಸ್ ಪ್ಲಸ್ ತಿದ್ದುಪಡಿಗೆ ಮುಖ್ಯೋಪಾಧ್ಯಾಯರು ಮೇಲಕ್ಕೆ ಬರೆಯುವಾಗ ಅದನ್ನು ಲಗತ್ತಿಸಲು ಹೇಳಿರಿ. ಹತ್ತನೆಯ ತರಗತಿಯ ಮಕ್ಕಳಿದ್ದ ಮನೆಯವರು ನಾಮಿನಲ್ ರೋಲ್ ಅಂತಿಮಗೊಳ್ಳುವ ಮೊದಲೇ ಇದನ್ನು ಮುಗಿಸಿಕೊಳ್ಳಬೇಕು; ದುಡಿಮೆಗೆ ಹೊರಡುವವರು ಹೊರಡುವ ಮುನ್ನವೇ.